ಸೀಸನ್ ಮುಗಿಯುವವರೆಗೆ

ನ್ಯೂ ಬ್ರನ್ಸ್‌ವಿಕ್‌ನಲ್ಲಿ ನಾನು ಮೊದಲ ಎರಡು ವರ್ಷ ಬಾಡಿಗೆಗಿದ್ದ ಮನೆಯಲ್ಲಿ ಇದ್ದವರು ನಾವಿಬ್ಬರೇ. ಕೆಳಗೆ ಮನೆಯ ಒಡತಿ, ಎಪ್ಪತ್ತು ದಾಟಿದ ವಿಧವೆ. ಮೇಲೆ, ಇಳಿಜಾರು ಸೂರಿನ ಕೋಣೆಯಲ್ಲಿ ನಾನು. ಮೊದಲ ವರ್ಷ ನಾವು ಆಡಿದ ಮಾತು ಬಹಳ ಕಡಿಮೆ. ಗುಡ್ ಮಾರ್ನಿಂಗ್, ಇವತ್ತು ಹಿಮ ಬೀಳಬಹುದು, ಬಿಸಿನೀರು ಇನ್ನು ಸ್ವಲ್ಪ ಹೊತ್ತಿಗೆ ಬರುತ್ತದೆ, ಇಷ್ಟೇ. ಶುಕ್ರವಾರ ಸಂಜೆ ಯೂನಿವರ್ಸಿಟಿಯ ಲ್ಯಾಬಿನ ಬಾಗಿಲು ಎಳೆದುಕೊಂಡು ಬಂದರೆ ಸೋಮವಾರದವರೆಗೆ ನನ್ನ ಬಾಯಿಂದ ಹೊರಡುತ್ತಿದ್ದದ್ದು ಅಂಗಡಿಯ ಕೌಂಟರಿನಲ್ಲಿ ಹೇಳುವ ಥ್ಯಾಂಕ್ಯೂ ಮಾತ್ರ. ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ. ಆ ಚಳಿಗಾಲ, ಪ್ರತಿ ಪುಟದ ಕೆಳಗೆ, ಆ ದಿನ ಎಷ್ಟು ಜನರ ಜೊತೆ ಮಾತಾಡಿದೆ ಎಂದು ಒಂದು ಸಂಖ್ಯೆ ಬರೆಯುತ್ತಿದ್ದೆ. ಸೊನ್ನೆಗಳೇ ಹೆಚ್ಚು. ಫೆಬ್ರವರಿಯ ಒಂದು ಪುಟದಲ್ಲಿ 'ಒಂದು' ಎಂದು ಬರೆದು ಹೊಡೆದುಹಾಕಿದ್ದೇನೆ. ರಾಂಗ್ ನಂಬರ್ ಫೋನನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ತೀರ್ಮಾನವಾಗಿರಲಿಲ್ಲ.

ಎರಡನೆಯ ವರ್ಷದ ಏಪ್ರಿಲ್‌ನಲ್ಲಿ, ಒಂದು ಶನಿವಾರ ಮಧ್ಯಾಹ್ನ, ಕೋಣೆಯ ಕಿಟಕಿ ತೆರೆಯಲು ಬಾರದೆ ಕೇಳೋಣವೆಂದು ಕೆಳಗಿಳಿದೆ. ಒಡತಿ ಮುಂದಿನ ಪೋರ್ಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ರೇಡಿಯೋ, ತೊಡೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮನೆಮನೆಯಾಗಿ ಗೆರೆ ಹಾಕಿದ ಹಾಳೆ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪೆನ್ಸಿಲು. ರೇಡಿಯೋದವನು ಹೇಳಿದ್ದನ್ನು ಬರೆಯಲು ಬಗ್ಗುತ್ತಿದ್ದರು. ಹಾಳೆಯಲ್ಲಿ ಸರಿಯಾದ ಮನೆ ಸಿಗುವಷ್ಟರಲ್ಲಿ ಅವನು ಮುಂದಿನದಕ್ಕೆ ಹೋಗಿರುತ್ತಿದ್ದ. ಹಾಳೆಯ ತುಂಬ ಗೆರೆಯ ಮೇಲೆ ಗೆರೆ.

ನಾನು ನಿಂತು ನೋಡಿದೆ. ಬೇಸ್‌ಬಾಲ್ ನನಗೆ ಗೊತ್ತಿರಲಿಲ್ಲ. ಆದರೆ ಸ್ಕೋರ್ ಹಾಳೆ ಯಾವ ಆಟದ್ದಾದರೂ ಕಂಡರೆ ಗೊತ್ತಾಗುತ್ತದೆ. ಮೈಸೂರಿನಲ್ಲಿ ಕಾಲೇಜಿನ ಕ್ರಿಕೆಟ್ ತಂಡಕ್ಕೆ ನಾಲ್ಕು ವರ್ಷ ಸ್ಕೋರರ್ ಆಗಿದ್ದವನು ನಾನು. ಆಡಲು ಬಾರದವನಿಗೆ, ಆದರೆ ಮೈದಾನ ಬಿಟ್ಟು ಹೋಗಲೂ ಆಗದವನಿಗೆ ಕೊಡುವ ಕೆಲಸ ಅದು.

"ಇದನ್ನು ನಾನು ಬರೆಯಲೇ?" ಎಂದು ಕೇಳಿದೆ.

"ನಿನಗೆ ಆಟ ಗೊತ್ತೇನು?"

"ಇಲ್ಲ. ಬರೆಯೋದು ಗೊತ್ತು."

ಅವರು ನಕ್ಕು ಹಲಗೆಯನ್ನು ನನ್ನ ಕಡೆ ಚಾಚಿದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ರಾತ್ರಿ ಡೈರಿಗೆ ಇಳಿಸುವಾಗ ಅದು ನಮ್ಮ ಮನೆಯ ಕನ್ನಡವಾಗುತ್ತಿತ್ತು, ಅವರು ನನ್ನನ್ನು ಕರೆಯುತ್ತಿದ್ದ ಪದ 'ಮಗು' ಆಗುತ್ತಿತ್ತು. ಈಗ ನೆನಪಾಗುವುದೂ ಹಾಗೆಯೇ.

ಅವರೂ ಅವರ ಗಂಡನೂ ಮದುವೆಯಾದಾಗಿನಿಂದ ರೇಡಿಯೋದಲ್ಲಿ ಕೇಳಿದ ಆಟಕ್ಕೆಲ್ಲ ಹಾಳೆ ಬರೆದವರು. ಗಂಡ ತೀರಿಕೊಂಡ ಮೇಲೆ ಅವರೊಬ್ಬರೇ ಬರೆದರು. ಈಗ ಎರಡು ಕಣ್ಣಿಗೂ ಪೊರೆ. ಮಂಜಿನಲ್ಲಿ ಕಾರಿನ ದೀಪ ಕಂಡಂತೆ ಮುಖಗಳು ಕಾಣುತ್ತವೆ, ಗೆರೆಗಳು ಕಾಣುವುದೇ ಇಲ್ಲ ಎಂದರು. ಆಟ ಕೇಳಿ ಹಾಳೆ ಬರೆಯದಿದ್ದರೆ ಕೇಳಿದ ಹಾಗೇ ಆಗುವುದಿಲ್ಲವಂತೆ. ಕಿಟಕಿಯ ವಿಷಯ ಕೇಳುವುದು ಮರೆತೇಹೋಯಿತು. ಅದು ಜೂನ್‌ವರೆಗೂ ತೆರೆಯಲಿಲ್ಲ.

ಮೂರು ವಾರದಲ್ಲಿ ನಾನು ಆಟವನ್ನು ಹಾಳೆಯ ಮೂಲಕವೇ ಕಲಿತೆ. ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸಿಗೆ ಮೂರು ಔಟು. ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್. ಬಾಲು ಬೇಲಿಯಾಚೆ ಹೋದರೆ ಹೋಮ್ ರನ್. ನನಗೆ ಅತ್ಯಂತ ಹಿಡಿಸಿದ್ದು ಫೌಲ್ ನಿಯಮ. ಬ್ಯಾಟಿಗೆ ತಾಗಿದ ಬಾಲು ಗೆರೆಯಾಚೆ ಹೋದರೆ ಫೌಲ್. ಬೀಸಿ ತಪ್ಪಿದರೆ ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟು. ಫೌಲನ್ನು ಸ್ಟ್ರೈಕ್ ಎಂದು ಎಣಿಸುವುದು ಎರಡರವರೆಗೆ ಮಾತ್ರ. ಆಮೇಲೆ ಎಷ್ಟು ಫೌಲ್ ಹೊಡೆದರೂ ಲೆಕ್ಕವಿಲ್ಲ.

"ಅಂದರೆ ತಾಗಿಸುತ್ತಾ ಇದ್ದರೆ ಅವನು ಸಾಯಂಕಾಲದವರೆಗೂ ನಿಲ್ಲಬಹುದೇ?"

"ನಿಲ್ಲಬಹುದು. ಯಾರೂ ಕಳಿಸುವ ಹಾಗಿಲ್ಲ."

"ಅವನ್ನು ಎಲ್ಲಿ ಬರೆಯಬೇಕು?"

"ಬರೆಯೋ ಹಾಗಿಲ್ಲ. ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ."

ಇದು ನನ್ನ ಲೆಕ್ಕದ ಮನಸ್ಸಿಗೆ ಕಿರಿಕಿರಿಯಾದರೂ ಒಪ್ಪಿಕೊಂಡೆ.

ಮೇ ಕೊನೆಗೆ, ಅವರು ಕೇಳದೆಯೇ, ತಂಡದ ಪ್ರತಿಯೊಬ್ಬನ ಸರಾಸರಿ ತೆಗೆದು ಒಂದು ಪಟ್ಟಿ ಮಾಡಿಕೊಂಡು ಹೋದೆ. ಎಲ್ಲರಿಗಿಂತ ಮೊದಲು ಓದಿದ್ದು ಬಲಗಡೆಯ ಮೈದಾನದ ಆಟಗಾರನದು. ಅದಕ್ಕೆ ಕಾರಣವಿತ್ತು. ಆ ವರ್ಷ ದೊಡ್ಡ ಸಂಬಳ ಕೊಟ್ಟು ಬೇರೆ ಊರಿನಿಂದ ತರಿಸಿಕೊಂಡ ಆಟಗಾರ ಅವನು. ಹೊಡೆದರೆ ಬಾಲು ಬೇಲಿಯಾಚೆ, ತಪ್ಪಿದರೆ ಮೈಯೆಲ್ಲ ತಿರುಗಿ ಮಂಡಿಯೂರುವಷ್ಟು ತಪ್ಪುತ್ತಿದ್ದ. ಹೊಡೆದಾಗ ಓಡುತ್ತಿರಲಿಲ್ಲ. ನಿಂತು, ಬಾಲು ಹೋಗುವುದನ್ನು ನೋಡಿ, ಆಮೇಲೆ ನಡೆಯುತ್ತಿದ್ದನಂತೆ. ತಾನಿಲ್ಲದಿದ್ದರೆ ಈ ತಂಡ ಎಲ್ಲಿರುತ್ತಿತ್ತು ಎಂದು ಪತ್ರಿಕೆಯವರನ್ನೇ ಕೇಳಿದ್ದನಂತೆ. ಅರ್ಧ ಊರು ಅವನನ್ನು ತಲೆಯ ಮೇಲೆ ಹೊತ್ತಿತ್ತು, ಇನ್ನರ್ಧ ಅವನು ಬ್ಯಾಟ್ ಹಿಡಿದು ಬಂದರೆ ಸಾಕು, ಕೂಗಿ ಹಂಗಿಸುತ್ತಿತ್ತು. ಒಡತಿ ಅವನ ಹೆಸರು ಹೇಳುತ್ತಿರಲಿಲ್ಲ. 'ದೊಡ್ಡ ಬಾಯಿ' ಎನ್ನುತ್ತಿದ್ದರು.

"ಇವನ ಸರಾಸರಿ ಕಾಲು ರನ್ನು ಮ್ಯಾಮ್. ಪೂರ್ತಿ ಕಾಲೂ ಇಲ್ಲ. ನಮ್ಮ ಕಾಲೇಜಿನ ಹನ್ನೊಂದನೆಯವನಿಗೆ ಎರಡು ಇತ್ತು."

ಅವರ ಮುಖ ಅರಳಿತು. "ನಾನು ಹೇಳಲಿಲ್ವಾ? ಸರಿ, ನಮ್ಮ ಕ್ಯಾಚರ್‌ದು ಓದು."

ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಾಲು ಹಿಡಿಯುವ ಕ್ಯಾಚರ್ ಎಂದರೆ ಅವರ ಅಚ್ಚುಮೆಚ್ಚು. ಮಾತಾಡದ, ಕೊಳೆ ಬಟ್ಟೆಯ, ಮಂಡಿ ನೋವಿದ್ದರೂ ಆಡುವ ಹುಡುಗ. ಅವನದು ಅದಕ್ಕಿಂತಲೂ ಕಡಿಮೆ. ಒಬ್ಬೊಬ್ಬರದನ್ನೇ ಓದಿದೆ. ಇಡೀ ತಂಡದಲ್ಲಿ ಅರ್ಧ ರನ್ ಮುಟ್ಟಿದವನು ಒಬ್ಬನೂ ಇರಲಿಲ್ಲ. ಅವರು, "ಅದು ಹೇಗೆ ತೆಗೆದೆ?" ಎಂದು ಕೇಳಿದರು.

"ಅವನು ಗಳಿಸಿದ ರನ್ನನ್ನು ಅವನು ಎಷ್ಟು ಸಲ ಔಟಾದನೋ ಅದರಿಂದ ಭಾಗಿಸಿದೆ. ಇನ್ನು ಹೇಗೆ ತೆಗೆಯೋದು?"

ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಿನ್ನ ಲೆಕ್ಕದಲ್ಲಿ ಈ ದೇಶದಲ್ಲಿ ಯಾರಿಗೂ ಬ್ಯಾಟ್ ಹಿಡಿಯೋಕೆ ಬರಲ್ಲ ಮಗು. ಇಲ್ಲಿ ಔಟಾಗೋದನ್ನ ಹಾಗೆ ಎಣಿಸಬಾರದು. ಹತ್ತು ಸಲ ನಿಂತು ಮೂರು ಸಲ ಹೊಡೆದರೆ ಅವನೇ ಸ್ಟಾರ್."

"ಏಳು ಸಲ ಔಟಾದರೂ?"

"ಏಳು ಸಲ ಔಟಾದರೂ."

ಪಟ್ಟಿಯನ್ನು ಮತ್ತೆ ಮಾಡಿದೆ. ಹೊಸ ಲೆಕ್ಕದಲ್ಲಿ ದೊಡ್ಡ ಬಾಯಿ ಮೇಲೆ ಬಂದ. ಒಡತಿಗೆ ಮೊದಲ ಪಟ್ಟಿಯೇ ಇಷ್ಟ. ಆಟದ ನಡುವೆ ಅವನು ಔಟಾದಾಗಲೆಲ್ಲ, "ಮೈಸೂರಿನ ಲೆಕ್ಕದಲ್ಲಿ ಈಗ ಎಷ್ಟು?" ಎಂದು ಕೇಳುತ್ತಿದ್ದರು. ನಾನು ಆ ಲೆಕ್ಕವನ್ನೂ ಇಟ್ಟುಕೊಂಡು ಬಂದೆ.

ಜೂನ್ ಮೊದಲ ವಾರ ಅವರು ಮನೆ ಮಾರುವ ವಿಷಯ ಹೇಳಿದರು. ಒಹಾಯೋದಲ್ಲಿ ಇರುವ ಮಗಳು, ಕಣ್ಣು ಕಾಣದೆ ಒಬ್ಬಳೇ ಇರುವುದು ಬೇಡ ಎಂದು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಕೊನೆಗೆ ಇವರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ.

"ಸೀಸನ್ ಮುಗಿಯೋವರೆಗೆ ಬರಲ್ಲ ಅಂದೆ. ಅಲ್ಲಿ ನಮ್ಮ ಸ್ಟೇಷನ್ ಸರಿಯಾಗಿ ಹಿಡಿಯಲ್ಲ. ಕೊನೇ ಆಟದ ಮಾರನೇ ದಿನ ಬಂದು ಕರಕೊಂಡು ಹೋಗ್ತಾಳೆ."

"ಕೊನೇ ಆಟ ಯಾವತ್ತು?"

"ಅದು ನಮ್ಮವರ ಕೈಯಲ್ಲಿದೆ. ಸುಮ್ಮನೆ ಸೋತರೆ ಅಕ್ಟೋಬರ್ ಶುರುವಿಗೇ ಮುಗೀತು. ಗೆದ್ದರೆ ಇನ್ನೆರಡು ವಾರ, ಮೂರು ವಾರ."

ಆ ರಾತ್ರಿ ಮೇಲೆ ಹೋಗಿ ಕ್ಯಾಲೆಂಡರ್ ನೋಡಿದೆ. ಇನ್ನೊಂದು ಕೋಣೆ ಹುಡುಕುವುದು ದೊಡ್ಡದಾಗಿರಲಿಲ್ಲ. ಆದರೆ ಲ್ಯಾಬಿನಲ್ಲಿ ತಡವಾದ ದಿನ ಪೋರ್ಚಿನ ಮೆಟ್ಟಿಲು ಹತ್ತುವಾಗ, ಕತ್ತಲಿನಿಂದ, "ಎರಡು ಇನ್ನಿಂಗ್ಸ್ ಹೋಯ್ತು, ಎಲ್ಲ ತಲೇಲಿ ಇಟ್ಟುಕೊಂಡಿದೀನಿ, ಬೇಗ ಬರಕೋ" ಎನ್ನುವ ದನಿ ಇತ್ತಲ್ಲ, ಆ ದೇಶದಲ್ಲಿ ನನಗಾಗಿ ಕಾಯುತ್ತಿದ್ದದ್ದು ಅದೊಂದೇ. ಡೈರಿಯ ಪುಟದ ಕೆಳಗಿನ ಸಂಖ್ಯೆ ಏಪ್ರಿಲ್‌ನಿಂದ ಸೊನ್ನೆಯಾಗಿರಲಿಲ್ಲ. ಅದು ಮತ್ತೆ ಯಾವಾಗ ಸೊನ್ನೆಯಾಗುತ್ತದೆ ಎಂಬುದು ಒಂಬತ್ತು ಜನ ಅಪರಿಚಿತರ ಕೈಗೆ ಹೋಗಿತ್ತು. ಅವರಲ್ಲೂ ಹೆಚ್ಚಾಗಿ ಒಬ್ಬನ ಕೈಗೆ. ಲೆಕ್ಕ ಹಾಕಿ ನೋಡಿದರೆ ತಂಡ ಗೆದ್ದ ಆಟಗಳಲ್ಲಿ ದೊಡ್ಡ ಬಾಯಿಯೇ ಎದ್ದು ಕಾಣುತ್ತಿದ್ದ.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಪೋರ್ಚಿನಲ್ಲಿ ಕೂತು ಒಡತಿಯ ಜೊತೆ ಅವನನ್ನು ಬೈಯುವುದು, ಒಳಗೊಳಗೇ ಅವನು ಹೊಡೆಯಲಿ ಎಂದು ಬಯಸುವುದು. ಬೈಗುಳ ನಟನೆಯೇನೂ ಅಲ್ಲ. ನನಗೆ ಅವನನ್ನು ನಿಜವಾಗಿಯೂ ಸಹಿಸಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದರೆ ಅಮ್ಮ ದೃಷ್ಟಿ ತೆಗೆದು, ಬೀದಿಯಲ್ಲಿ ಯಾರು ಕೇಳಿದರೂ ಪಾಸಾಯಿತು ಎಂದಷ್ಟೇ ಹೇಳು ಎನ್ನುತ್ತಿದ್ದಳು. ಆ ಬೇಸಿಗೆಯಲ್ಲಿಯೇ ನನ್ನ ಸಂಶೋಧನೆಯ ಗೈಡು ವರ್ಷದ ಸಾಧನೆಯನ್ನು ಬರೆದುಕೊಡು ಎಂದಿದ್ದರು. ನಾನು ಐದು ಸಾಲು ಬರೆದೆ. ಅವರು ಓದಿ, ಹಾಳೆಯ ಹಿಂಬದಿ ತಿರುಗಿಸಿ, ಅಲ್ಲೇನಾದರೂ ಇದೆಯೇ ಎಂದು ನೋಡಿದರು. ಆ ಸಂಜೆ ದೊಡ್ಡ ಬಾಯಿ ಹೋಮ್ ರನ್ ಹೊಡೆದು ನಿಂತು ನೋಡಿದನೆಂದು ರೇಡಿಯೋದವನು ಹೇಳಿದಾಗ ನನಗೆ ಬಂದ ಸಿಟ್ಟಿನಲ್ಲಿ ಬೇರೆ ಏನೋ ಬೆರೆತಿತ್ತು.

ನನಗೆ ಆ ಊರಿನಲ್ಲಿ ಒಬ್ಬ ಕನ್ನಡದ ಸ್ನೇಹಿತನೂ ಇದ್ದ. ಧಾರವಾಡದವನು, ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದವನು, ಪಕ್ಕದ ಕೆಂಡಲ್ ಪಾರ್ಕ್ ಬಡಾವಣೆಯಲ್ಲಿ ಇನ್ನಿಬ್ಬರ ಜೊತೆ ಮನೆ ಮಾಡಿದ್ದ. ತಿಂಗಳಿಗೊಮ್ಮೆ ಸಿಗುತ್ತಿದ್ದ. ಅವನು ದೊಡ್ಡ ಬಾಯಿಯ ಭಕ್ತ, 'ನಮ್ಮ ಹುಲಿ' ಎನ್ನುತ್ತಿದ್ದ.

ಜುಲೈಯಲ್ಲಿ ಒಂದು ದಿನ ಅವನ ಅಡಿಗೆಮನೆಯಲ್ಲಿ ಕೂತಿದ್ದಾಗ ಕೇಳಿದ, "ಏನಪಾ ಮೈಸೂರು, ಮುದುಕಿ ಬಿಟ್ಟಳೇನ್ ಇವತ್ತ?"

"ಇವತ್ತು ಮ್ಯಾಚ್ ಇಲ್ಲ."

"ಅಂದ್ರ ಮ್ಯಾಚ್ ಇದ್ರ ನಾವ್ಯಾರು ನಿನಗ? ಅಲ್ಲೋ, ಊಟದ ಮನಿ ಬಿಟ್ಟು ರೇಡಿಯೋ ಕೇಳಾಕ ಕುಂದರ್ತೀಯಲ್ಲ, ಅದೂ ನಮ್ಮ ಹುಲೀನ ಬೈಯೋರ ಜೋಡಿ."

"ಅವನು ತನ್ನನ್ನ ತಾನೇ ಎಷ್ಟು ಹೊಗಳಿಕೊಳ್ತಾನೆ, ನೋಡಿದೀಯಾ?"

"ಹೊಡೀತಾನ, ಹೇಳ್ಕೋತಾನ. ನಾವು ಹೊಡ್ಯಾಂಗೂ ಇಲ್ಲ, ಹೇಳ್ಕೊಳ್ಳಾಂಗೂ ಇಲ್ಲ. ಅದಕ್ಕ ನಿನಗ ಹೊಟ್ಟಿ ಉರೀತೈತಿ." ರೊಟ್ಟಿಯ ಬದಲು ಕಾಯಿಸಿದ್ದ ಟೋರ್ಟಿಯಾ ಒಂದನ್ನು ನನ್ನ ತಟ್ಟೆಗೆ ಹಾಕಿ, "ತಿನ್ನ. ಅಕ್ಟೋಬರ್‌ದಾಗ ಮುದುಕಿ ಹೋದ ಮ್ಯಾಲೆ ಇಲ್ಲೇ ಬಂದ್ ಬಿದ್ದಿರು, ಒಂದು ಮೂಲಿ ಖಾಲಿ ಐತಿ" ಎಂದ.

ಅವನು ಹೇಳಿದ್ದು ಸರಿ ಎಂದು ನನಗೆ ಅನಿಸಿದ್ದು ಮನೆಗೆ ಮರಳುವ ಬಸ್ಸಿನಲ್ಲಿ. ಡೈರಿಯಲ್ಲಿ ಬರೆಯಲಿಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ, ಪಕ್ಕದ ಮನೆಯವನು ಬೇಲಿಯ ಮೇಲೆ ಕೈಯಿಟ್ಟುಕೊಂಡು ಸ್ಕೋರು ಕೇಳಿ, ದೊಡ್ಡ ಬಾಯಿಯ ಕಪ್ಪು ಬಣ್ಣದ ಬಗ್ಗೆ ಒಂದು ಮಾತು ಆಡಿದ. ಆಮೇಲೆ ನನ್ನನ್ನು ನೋಡಿ, ನಿನ್ನ ಬಗ್ಗೆ ಅಲ್ಲ ಎಂದ. ಒಡತಿ ರೇಡಿಯೋದ ದನಿ ಏರಿಸಿದರು. ಅವನು ಹೋದ ಮೇಲೆ ನಾನು ಕೇಳಿದೆ. ಅಷ್ಟು ಧೈರ್ಯ ನನಗೆ ಹೇಗೆ ಬಂತೋ.

"ನಿಮಗೂ ಅವನು ಅದಕ್ಕೇ ಆಗಲ್ಲವೇ ಮ್ಯಾಮ್?"

ಅವರು ಒಂದು ಇನ್ನಿಂಗ್ಸ್ ಪೂರ್ತಿ ಮಾತಾಡಲಿಲ್ಲ. ತಪ್ಪು ಕೇಳಿದೆ, ಇವತ್ತಿಗೆ ಇದು ಮುಗಿಯಿತು ಎಂದುಕೊಂಡೆ. ಆಮೇಲೆ ಹೇಳಿದರು, "ಅಲ್ಲ ಅಂತ ಹೇಳೋಕೆ ಹೊರಟಿದ್ದೆ. ಆದರೆ ಅವನ ಜಂಬದ ಮಾತನ್ನೇ ಕ್ಯಾಚರ್ ಆಡಿದ್ದರೆ ನಗ್ತಿದ್ದೆನೇನೋ. ಗೊತ್ತಿಲ್ಲ ಮಗು." ಪಕ್ಕದ ಕಂಬ ಸವರುತ್ತ, "ನನ್ನ ಗಂಡ ಒಂದು ಸಲವೂ, ಇದು ನಾನು ಮಾಡಿದೆ, ಚೆನ್ನಾಗಿ ಮಾಡಿದೆ ಅಂದವನಲ್ಲ. ಈ ಪೋರ್ಚ್ ಅವನು ಕಟ್ಟಿದ್ದು. ಸುಮ್ಮನಿರೋದೇ ಒಳ್ಳೆಯತನ ಅಂತ ನಾನು ತಿಳಕೊಂಡುಬಿಟ್ಟೆ."

ದೊಡ್ಡ ಬಾಯಿ ಮುಂದಿನ ಸಲ ಔಟಾದಾಗ ಅವರು ಮೈಸೂರಿನ ಲೆಕ್ಕ ಕೇಳಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದರು.

ತಂಡ ಸೆಪ್ಟೆಂಬರ್ ಪೂರ್ತಿ ಗೆದ್ದಿತು. ಅಕ್ಟೋಬರ್ ಶುರುವಿಗೆ ಮುಗಿಯಲಿಲ್ಲ. ಒಂದು ಸುತ್ತು ದಾಟಿ, ಕೊನೆಯ ಸರಣಿಗೆ ಬಂದಿತು. ಏಳು ಆಟದ ಸರಣಿ, ನಾಲ್ಕು ಗೆದ್ದವರಿಗೆ ಪಟ್ಟ. ಮನೆಯ ಸಾಮಾನೆಲ್ಲ ಲಾರಿಯಲ್ಲಿ ಹೋಗಿತ್ತು. ಖಾಲಿ ಕೋಣೆಗಳಲ್ಲಿ ನಮ್ಮ ಮಾತು ಪ್ರತಿಧ್ವನಿಸುತ್ತಿತ್ತು. ಪೋರ್ಚಿನ ಎರಡು ಕುರ್ಚಿ, ರೇಡಿಯೋ, ಅವರ ಮಂಚ, ಎರಡು ಪೆಟ್ಟಿಗೆ, ಇಷ್ಟು ಉಳಿದಿದ್ದವು. ಚಳಿಗೆ ಅವರು ಕೋಟು ಹಾಕಿಕೊಂಡು, ಕಾಲಿಗೆ ನನ್ನ ಶಾಲು ಹೊದ್ದು ಕೂರುತ್ತಿದ್ದರು.

ಐದು ಆಟ ಮುಗಿದಾಗ ನಮ್ಮವರು ಮೂರು ಗೆದ್ದಿದ್ದರು. ಆರನೆಯದು ಶನಿವಾರ ಮಧ್ಯಾಹ್ನ. ಬೆಳಿಗ್ಗೆ ಮಗಳು ಫೋನ್ ಮಾಡಿದಳು. ಇವತ್ತು ಗೆದ್ದರೆ ಸಂಜೆಯೇ ಹೊರಟು, ರಾತ್ರಿ ದಾರಿಯಲ್ಲಿ ಉಳಿದು, ಭಾನುವಾರ ಮಧ್ಯಾಹ್ನಕ್ಕೆ ಮುಂಚೆ ಬರುತ್ತಾಳೆ. ಸೋತರೆ ಭಾನುವಾರ ಏಳನೆಯ ಆಟ ಇರುತ್ತದೆ, ಆಗ ಸೋಮವಾರ ಬರುತ್ತಾಳೆ.

ನಾಲ್ಕು ತಿಂಗಳು ಗೆಲ್ಲಲಿ ಗೆಲ್ಲಲಿ ಎಂದವನು ಆ ದಿನ ಪೆನ್ಸಿಲು ಚೂಪು ಮಾಡುತ್ತ, ಇವತ್ತೊಂದು ದಿನ ಸೋಲಲಿ ಎಂದುಕೊಂಡೆ. ಒಂದೇ ಒಂದು ಆಟ. ನಾಳೆ ಬೇಕಾದರೆ ಹತ್ತು ರನ್ನಿನಿಂದ ಗೆಲ್ಲಲಿ.

ಮೂರನೆಯ ಇನ್ನಿಂಗ್ಸಿನವರೆಗೆ ಎದುರಿನವರು ಮುಂದಿದ್ದರು. ನನ್ನ ಅಂಕಿಗಳು ಅಂದವಾಗಿ ಬೀಳುತ್ತಿದ್ದವು. ನಾಲ್ಕರಲ್ಲಿ ದೊಡ್ಡ ಬಾಯಿ ಬಂದ. ಇಬ್ಬರು ಮೂಲೆಗಳಲ್ಲಿ ಕಾಯುತ್ತಿದ್ದರು. ಬಾಲು ಬೇಲಿಯಾಚೆ ಹೋಯಿತು. ಮೂರು ರನ್, ನಮ್ಮವರು ಒಂದರಿಂದ ಮುಂದೆ. ಒಡತಿ, "ಹ್ಞುಂ" ಎಂದರು, ಅಷ್ಟೇ. ಆಮೇಲೆ ಮೂರು ಇನ್ನಿಂಗ್ಸ್ ಯಾರಿಗೂ ಏನೂ ಆಗಲಿಲ್ಲ. ಒಂದೇ ರನ್ ತಾನೇ ಎಂದು ನಾನು ಕಾದೆ.

ಎಂಟನೆಯ ಇನ್ನಿಂಗ್ಸಿನಲ್ಲಿ ಅವನು ಮತ್ತೆ ಬಂದ. ನಾನು ಹಾಳೆಯಲ್ಲಿ ಅವನ ಮನೆಯ ಮೇಲೆ ಪೆನ್ಸಿಲಿಟ್ಟು ಕಾಯುತ್ತಿದ್ದೆ. ಕಾಯುವುದಕ್ಕೇನೂ ಇರಲಿಲ್ಲ. ಮೊದಲ ಬಾಲು. ಬೇಲಿಯಾಚೆ. ರೇಡಿಯೋದವನ ದನಿ ಒಡೆಯಿತು, ಜನರ ಕೂಗಿನಲ್ಲಿ ಅವನು ಹೇಳಿದ್ದು ಕೇಳಿಸಲಿಲ್ಲ. ಬೀದಿಯ ಎರಡೂ ಕಡೆಯ ಮನೆಗಳಿಂದ ಕೂಗು ಬಂತು. ಒಡತಿ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ಶಾಲು ಕೆಳಗೆ ಬಿದ್ದಿತ್ತು.

"ಅವನು ನಿಂತು ನೋಡ್ತಿದಾನಾ?" ಎಂದು ಕೇಳಿದರು, ರೇಡಿಯೋ ಕೇಳಿಸದಂತೆ, ನಾನು ಅಲ್ಲೇ ಮೈದಾನದಲ್ಲಿ ಕೂತಿರುವಂತೆ.

"ನೋಡ್ತಿರಬೇಕು."

"ನೋಡಲಿ."

ಒಂಬತ್ತರಲ್ಲಿ ಎದುರಿನವರ ಮೂವರೂ ಬೇಗ ಔಟಾದರು. ಕೊನೆಯ ಔಟನ್ನು ನಾನು ಬರೆಯಲಿಲ್ಲ. ಪೆನ್ಸಿಲು ಎತ್ತಿಕೊಂಡೇ ಕೂತೆ. ಬೀದಿಯಲ್ಲಿ ಕಾರಿನ ಹಾರ್ನುಗಳು ಶುರುವಾದವು.

"ಬರೆದೆಯಾ?"

"ಇಲ್ಲ."

"ಬರಿ ಮಗು. ಮುಗಿಸದ ಹಾಳೆ ಹಾಳೆಯಲ್ಲ."

ಬರೆದೆ. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಮಗಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಫೋನ್ ಬಂತು. ಪೆನ್ಸಿಲ್ವೇನಿಯಾದಲ್ಲಿ ಕಾರಿನ ಫ್ಯಾನ್ ಬೆಲ್ಟು ಹರಿದಿತ್ತು. ಭಾನುವಾರವಾದ್ದರಿಂದ ಗ್ಯಾರೇಜು ಸಿಗುವುದು ಕಷ್ಟ, ಬರುವುದು ಮೂರು ಗಂಟೆಯಾಗಬಹುದು ಎಂದಳಂತೆ. ಫೋನಿಟ್ಟು ಒಡತಿ ನನಗೆ ಹೇಳಿದಾಗ ನಾನು ಬೇಸರದ ಮುಖ ಮಾಡಲು ಪ್ರಯತ್ನಿಸಿದೆ. ಅವರಿಗೆ ಮುಖ ಕಾಣುತ್ತಿರಲಿಲ್ಲ.

ನಾನು ಬೇಡಿಕೊಂಡಿದ್ದ ಭಾನುವಾರ ಹೀಗೆ ಸಿಕ್ಕಿತು, ಆಟ ಒಂದಿಲ್ಲದೆ. ಇಬ್ಬರೂ ಪೋರ್ಚಿನಲ್ಲಿ ಕೂತೆವು. ರೇಡಿಯೋ ಪೆಟ್ಟಿಗೆಯೊಳಗೆ ಹೋಗಿತ್ತು. ಎಲೆಗಳು ಬೀಳುತ್ತಿದ್ದವು. ಏನಾದರೂ ಮಾತಾಡಬೇಕೆಂದು ನನಗೂ ಇತ್ತು, ಅವರಿಗೂ ಇತ್ತು. ಆರು ತಿಂಗಳು ದಿನಾ ಜೊತೆಗೆ ಕೂತವರಿಗೆ ಮಾತೇ ಇರಲಿಲ್ಲ. ನಾನು ಗೊತ್ತುಮಾಡಿಕೊಂಡಿದ್ದ ಹೊಸ ಕೋಣೆ ಬೆಚ್ಚಗಿದೆಯೇ ಎಂದು ಅವರು ಕೇಳಿದರು. ಮಗಳ ಮನೆಯಲ್ಲಿ ಮೆಟ್ಟಿಲು ಎಷ್ಟು ಎಂದು ನಾನು ಕೇಳಿದೆ. ಆಮೇಲೆ ಇಬ್ಬರೂ ಬೀದಿಯ ಕಡೆ ಮುಖ ಮಾಡಿಕೊಂಡು ಕೂತೆವು. ಸೊನ್ನೆಗಳ ಆ ಇಡೀ ಚಳಿಗಾಲದಲ್ಲೂ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ, ಆಟ ಶುರುವಾಗುವ ಸಮಯಕ್ಕೆ, ಅವರು ಕೇಳಿದರು, "ನಿನ್ನೆಯ ಹಾಳೆ ಎಲ್ಲಿದೆ?"

"ಮೇಲಿದೆ."

"ತಗೊಂಡು ಬಾ. ಓದು."

ಓದುವುದೆಂದರೆ ಏನೆಂದು ನನಗೆ ಮೊದಲು ಹೊಳೆಯಲಿಲ್ಲ. ಮೊದಲ ಬ್ಯಾಟುಗಾರನ ಅಂಕಿ ಓದಿದೆ. "ಹಾಗಲ್ಲ," ಎಂದರು. ಆಗ, ಹುಡುಗನಾಗಿದ್ದಾಗ ಬೀದಿಯಲ್ಲಿ ಕೋಲು ಹಿಡಿದು ಕ್ರಿಕೆಟ್ ಕಾಮೆಂಟ್ರಿ ಹೇಳಿಕೊಂಡು ಓಡಾಡುತ್ತಿದ್ದ ದನಿಯನ್ನು ಎಲ್ಲಿಂದಲೋ ತೆಗೆದೆ. ಬಿಸಿಲು ಚೆನ್ನಾಗಿದೆ, ಗಾಳಿ ಎಡದಿಂದ ಬೀಸುತ್ತಿದೆ, ಜನ ತುಂಬಿದ್ದಾರೆ ಎಂದು ಶುರುಮಾಡಿದೆ. ಅವರು ಕಣ್ಣು ಮುಚ್ಚಿ ಕುರ್ಚಿಗೆ ತಲೆಯಾನಿಸಿದರು. ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತ ಹೋದೆ. ನಡುನಡುವೆ ಅವರು, "ಅಯ್ಯೋ, ಅದನ್ನ ಹಿಡೀಬೇಕಾಗಿತ್ತು" ಎನ್ನುತ್ತಿದ್ದರು, ಮೊದಲ ಸಲ ಕೇಳಿದವರಂತೆ.

ಏಳನೆಯ ಇನ್ನಿಂಗ್ಸಿನಲ್ಲಿ ಮಗಳ ಕಾರು ಬಂದು ನಿಂತಿತು. ಮಗಳು ಇಳಿದು, ಕೈಯೆಲ್ಲ ಗ್ರೀಸು, "ಅಮ್ಮಾ, ಹೊರಡೋಣ, ಈಗಲೇ ಲೇಟಾಯ್ತು" ಎಂದಳು. ಒಡತಿ ಅವಳ ಕಡೆ ಒಂದು ಅಂಗೈ ಎತ್ತಿದರು. "ಇನ್ನೂ ಎರಡು ಇನ್ನಿಂಗ್ಸಿದೆ."

"ಯಾವ ಇನ್ನಿಂಗ್ಸು? ನಿನ್ನೆ ಮುಗೀತಲ್ಲ?"

"ಕೂತ್ಕೋ."

ಅವಳು ನನ್ನನ್ನು ನೋಡಿದಳು, ಹಾಳೆಯನ್ನು ನೋಡಿದಳು. ಮೆಟ್ಟಿಲ ಮೇಲೆ ಕೂತು ಕೈಯೊರೆಸಿಕೊಳ್ಳತೊಡಗಿದಳು. ಈ ಮನೆಯಲ್ಲಿ ಬೆಳೆದವಳು ತಾನೇ.

ಎಂಟನೆಯ ಇನ್ನಿಂಗ್ಸು. ದೊಡ್ಡ ಬಾಯಿ ಬ್ಯಾಟ್ ಹಿಡಿದು ಬಂದ. ಹಾಳೆಯಲ್ಲಿ ಅವನ ಮನೆಯಲ್ಲಿ ಇದ್ದದ್ದು ಹೋಮ್ ರನ್ನಿನ ಗುರುತು ಮಾತ್ರ, ಅದು ಎಷ್ಟನೆಯ ಬಾಲಿಗೆ ಎಂದು ಹಾಳೆ ಹೇಳುವುದಿಲ್ಲ. ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಾನು ಬಾಯಿ ತೆರೆದೆ. ಬಂದದ್ದು ಬೇರೆ.

"ಮೊದಲ ಬಾಲು. ಹೊಡೆದ, ಫೌಲ್. ಹಿಂದಿನ ಬಲೆಗೆ."

ಅವರು ಅಲುಗಲಿಲ್ಲ.

"ಎರಡನೆಯದು. ಮತ್ತೆ ಫೌಲ್, ಎಡಗಡೆ, ಜನರ ನಡುವೆ ಬಿತ್ತು. ಎರಡು ಸ್ಟ್ರೈಕ್."

ಇನ್ನು ಲೆಕ್ಕವಿರಲಿಲ್ಲ. ಅವನು ಇನ್ನೊಂದು ಫೌಲ್ ಹೊಡೆದ. ಬ್ಯಾಟು ಒರೆಸಿಕೊಂಡ. ಇನ್ನೊಂದು ಹೊಡೆದ. ಎಸೆಯುವವನು ಟೋಪಿ ತೆಗೆದು ಹಾಕಿಕೊಂಡ, ಎದುರಿನವರ ಕ್ಯಾಚರ್ ಹೋಗಿ ಅವನ ಹತ್ತಿರ ಏನೋ ಮಾತಾಡಿ ಬಂದ. ಮತ್ತೊಂದು ಫೌಲ್, ಬಲಗಡೆ ಬೇಲಿಯುದ್ದಕ್ಕೂ. ಇಲ್ಲದ ಒಂದು ಅಂಕಿಯನ್ನೂ ಹುಟ್ಟಿನಿಂದ ಬರೆಯದವನು ನಾನು. ಒಂದಾದ ಮೇಲೊಂದು ಬಾಲು ಗೆರೆಯಾಚೆ ಕಳಿಸುತ್ತ ಹೋದೆ. ಅವನನ್ನು ಯಾರೂ ಕಳಿಸುವ ಹಾಗಿರಲಿಲ್ಲ. ಅವನು ನಿಂತಿರುವವರೆಗೆ ಇನ್ನಿಂಗ್ಸ್ ಮುಗಿಯುವ ಹಾಗಿರಲಿಲ್ಲ.

ಒಡತಿಯ ತುಟಿಯ ಮೂಲೆ ಸ್ವಲ್ಪ ಮೇಲೆದ್ದಿತು. "ಅವನು ಇಷ್ಟು ತಾಳ್ಮೆಯವನಲ್ಲ," ಎಂದರು ಕಣ್ಣು ಮುಚ್ಚಿಕೊಂಡೇ.

"ಇವತ್ತು ಬಂದುಬಿಟ್ಟಿದೆ ಮ್ಯಾಮ್."

"ಇನ್ನೊಂದು ಹೊಡೀತಾನಾ?"

"ಹೊಡೀತಾನೆ. ಫೌಲ್. ಮತ್ತೆ ಫೌಲ್."

ಮೆಟ್ಟಿಲ ಮೇಲೆ ಕೂತಿದ್ದ ಮಗಳು ವಾಚು ನೋಡಿಕೊಂಡಳು. ಕತ್ತಲಾಗುವ ಮುಂಚೆ ದಾರಿಯಲ್ಲಿರುವ ಹ್ಯಾರಿಸ್‌ಬರ್ಗ್ ಮುಟ್ಟಬೇಕು ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಒಡತಿ ಕಣ್ಣು ತೆರೆದು, ನನ್ನ ಮುಖ ಎಲ್ಲಿರಬಹುದೋ ಆ ಕಡೆ ತಿರುಗಿ, ಶಾಲನ್ನು ಮಡಿಸತೊಡಗಿದರು.

"ಸಾಕು ಮಗು," ಎಂದರು. "ಇನ್ನು ಹೊಡೆಯಲಿ ಬಿಡು."

ಅವನು ಹೊಡೆದ. ಬಾಲು ಬೇಲಿಯಾಚೆ ಹೋಗುವುದನ್ನು ನಿಂತು ನೋಡಿದ, ಆಮೇಲೆ ನಡೆದ. ಒಂಬತ್ತನೆಯ ಇನ್ನಿಂಗ್ಸಿನ ಮೂರು ಔಟುಗಳನ್ನು ನಾನು ಇದ್ದದ್ದು ಇದ್ದ ಹಾಗೆಯೇ ಓದಿದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.